ಇಂಗ್ಲೆಂಡಿನ ಹಳ್ಳಿ ಚರ್ಚಿನ ಗಂಟೆ: ಕೇಳಿಸಿಕೊಳ್ಳುವುದರಿಂದ ಬಾರಿಸುವವರೆಗೆ

ಇಂಗ್ಲೆಂಡಿಗೆ ಬಂದು ಹಳ್ಳಿಯಲ್ಲೋ ಸಣ್ಣ ಊರಲ್ಲೋ ಮನೆ ಮಾಡಿದ ಕನ್ನಡದವರು ನನ್ನನ್ನು ಪದೇ ಪದೇ ಕೇಳುವುದು ಒಂದೇ ಪ್ರಶ್ನೆ. ಭಾನುವಾರ ಬೆಳಿಗ್ಗೆ ಚರ್ಚಿನ ಕಡೆಯಿಂದ ಅರ್ಧ ತಾಸು ಬಿಡದೆ ಸದ್ದು ಬರುತ್ತದಲ್ಲ, ಅದನ್ನು ಮನುಷ್ಯರು ಬಾರಿಸುತ್ತಾರಾ, ಮಷೀನಾ? ನಾವು ಹೋದರೆ ಸೇರಿಸಿಕೊಳ್ಳುತ್ತಾರಾ? ನಾವು ಕ್ರೈಸ್ತರಲ್ಲವಲ್ಲ, ಪರವಾಗಿಲ್ವಾ?

ಬಾರಿಸುವುದು ಮನುಷ್ಯರೇ. ಸೇರಿಸಿಕೊಳ್ಳುತ್ತಾರೆ, ಅದೂ ಖುಷಿಯಿಂದ, ಯಾಕೆಂದರೆ ಬಹಳಷ್ಟು ಹಳ್ಳಿಗಳಲ್ಲಿ ಆರು ಗಂಟೆ ಇದ್ದರೆ ಬಾರಿಸುವವರು ನಾಲ್ಕೇ ಜನ ಇರುತ್ತಾರೆ. ಧರ್ಮದ ಪ್ರಶ್ನೆಯನ್ನು ಹೆಚ್ಚಿನ ಕಡೆ ಯಾರೂ ಕೇಳುವುದಿಲ್ಲ. ಗಂಟೆ ಬಾರಿಸಿ ಪೂಜೆಗೆ ಕೂರದೆ ಮನೆಗೆ ಹೋಗುವ ಇಂಗ್ಲಿಷರೇ ಬೇಕಾದಷ್ಟು ಮಂದಿ ಇದ್ದಾರೆ. ಆದರೆ ಬಾರಿಸುವುದು ಅವರ ಪ್ರಾರ್ಥನೆಗೆ ಕರೆಯಲು ಅನ್ನುವುದು ನೆನಪಿರಲಿ.

ಇನ್ನೊಂದು ವಿಷಯ ಈಗಲೇ ಹೇಳಿಬಿಡುತ್ತೇನೆ. ಈ ಬರಹದಲ್ಲಿ ಗಂಟೆ ಅಂದರೆ ಲೋಹದ ಗಂಟೆ ಮಾತ್ರ, ಹೊತ್ತಿಗೆ ತಾಸು ಅನ್ನುತ್ತೇನೆ. ಇಲ್ಲದಿದ್ದರೆ "ಮೂರು ಗಂಟೆ ಬಾರಿಸಿದೆ" ಅಂತ ಬರೆದು ನೀವೂ ನಾನೂ ಒದ್ದಾಡಬೇಕಾಗುತ್ತದೆ.

ಇಲ್ಲಿನ ಗಂಟೆ ನಮ್ಮ ಕಡೆಯದರ ಹಾಗಲ್ಲ

ದೇವಸ್ಥಾನದಲ್ಲಿ ಗಂಟೆ ನೇತಾಡುತ್ತಿರುತ್ತದೆ, ನಾವು ನಾಲಿಗೆ ಹಿಡಿದು ಹೊಡೆಯುತ್ತೇವೆ. ಮಂಗಳೂರು ಕಡೆಯ ಚರ್ಚುಗಳಲ್ಲಿ ಹಗ್ಗ ಎಳೆದು ಗಂಟೆ ತೂಗುತ್ತಾರೆ, ಅದು ಅತ್ತಿತ್ತ ಸ್ವಲ್ಪ ಓಲಾಡಿ ಸದ್ದು ಮಾಡುತ್ತದೆ. ಇಂಗ್ಲೆಂಡಿನದು ಬೇರೆಯೇ ಲೆಕ್ಕ. ಇಲ್ಲಿ ಗಂಟೆಯನ್ನು ಒಂದು ದೊಡ್ಡ ಮರದ ಗಾಲಿಗೆ ಕಟ್ಟಿರುತ್ತಾರೆ. ಬಾರಿಸಲು ಶುರು ಮಾಡುವ ಮುಂಚೆ ಗಂಟೆಯ ಬಾಯಿ ಆಕಾಶ ನೋಡುತ್ತಿರುತ್ತದೆ, ಅಂದರೆ ಪೂರ್ತಿ ತಲೆಕೆಳಗು. ಹಗ್ಗ ಎಳೆದರೆ ಇಡೀ ಗಂಟೆ ಒಂದು ಸುತ್ತು ಸುತ್ತಿ ಮತ್ತೆ ಬಾಯಿ ಮೇಲಾಗಿ ನಿಲ್ಲುತ್ತದೆ. ಇನ್ನೊಮ್ಮೆ ಎಳೆದರೆ ಬಂದ ದಾರಿಯಲ್ಲೇ ವಾಪಸ್ ಸುತ್ತುತ್ತದೆ. ಒಂದೊಂದು ಸುತ್ತಿಗೆ ಒಂದೇ ಸದ್ದು.

ಬಾಯಿ ಮೇಲಾದ ಗಂಟೆ ಅಲ್ಲಿ ಒಂದು ಕ್ಷಣ ತಡೆದು ನಿಲ್ಲಬಲ್ಲದು. ಆ ಕ್ಷಣವನ್ನು ಸ್ವಲ್ಪ ಹಿಗ್ಗಿಸಬಹುದು, ಸ್ವಲ್ಪ ಕುಗ್ಗಿಸಬಹುದು, ಅಷ್ಟೇ. ಅರ್ಧ ಟನ್ ಕಂಚನ್ನು ಅದಕ್ಕಿಂತ ಜಾಸ್ತಿ ಆಟ ಆಡಿಸಲು ಆಗುವುದಿಲ್ಲ. ಅದಕ್ಕೇ ಇವರು ಗಂಟೆಯಲ್ಲಿ ಹಾಡು ನುಡಿಸುವುದಿಲ್ಲ. ಗಂಟೆಗಳ ಸರದಿಯನ್ನು ಪ್ರತಿ ಸುತ್ತಿನಲ್ಲೂ ಒಂದೊಂದೇ ಸ್ಥಾನ ಬದಲಿಸುತ್ತಾ ಹೋಗುತ್ತಾರೆ. ಇದಕ್ಕೆ ಚೇಂಜ್ ರಿಂಗಿಂಗ್ ಅನ್ನುತ್ತಾರೆ. ಹೊರಗೆ ನಿಂತು ಕೇಳಿದವರಿಗೆ "ಏನೋ ಗಲಗಲ" ಅನ್ನಿಸುವುದು ಇದೇ ಕಾರಣಕ್ಕೆ. ಅದು ರಾಗ ಅಲ್ಲ, ಲೆಕ್ಕ.

ಇನ್ನು ಹಂತ ಹಂತವಾಗಿ ಬನ್ನಿ.

1. ನಿಮ್ಮೂರ ಗಂಟೆಗಳ ಜಾತಕ ಹುಡುಕಿ

ಹೋಗಿ ಹಗ್ಗ ಹಿಡಿಯುವ ಮೊದಲು ಮನೆಯಲ್ಲೇ ಕೂತು ಮಾಡುವ ಕೆಲಸ ಇದು. ಡವ್ಸ್ ಗೈಡ್ ಅಂತ ಒಂದು ಪಟ್ಟಿ ಇದೆ. 1950ರಲ್ಲಿ ಪುಸ್ತಕವಾಗಿ ಶುರುವಾದದ್ದು, ಈಗ ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತದೆ. ನಿಮ್ಮೂರ ಹೆಸರು ಹಾಕಿದರೆ ಚರ್ಚಿನಲ್ಲಿ ಎಷ್ಟು ಗಂಟೆ, ಒಂದೊಂದನ್ನೂ ಯಾರು ಯಾವ ವರ್ಷ ಎರಕ ಹೊಯ್ದರು, ಎಷ್ಟು ತೂಕ, ಅಭ್ಯಾಸ ಯಾವ ವಾರ, ಎಲ್ಲ ಇರುತ್ತದೆ.

ತೂಕ ನೋಡಿ ಗಾಬರಿಯಾಗಬೇಡಿ. 12-3-14 ಅಂತ ಮೂರು ಸಂಖ್ಯೆ ಬರೆದಿರುತ್ತಾರೆ. ಮೊದಲನೆಯದು ಹಂಡ್ರೆಡ್‌ವೇಟ್, ಹೆಸರಲ್ಲಿ ನೂರು ಇದ್ದರೂ ನೂರಲ್ಲ, 112 ಪೌಂಡು, ಅಂದರೆ ಹತ್ತಿರ ಹತ್ತಿರ 51 ಕೆಜಿ. ಎರಡನೆಯದು ಕ್ವಾರ್ಟರ್, ಅಂದರೆ ಅದರ ಕಾಲು ಭಾಗ. ಮೂರನೆಯದು ಪೌಂಡು. ಲೆಕ್ಕ ಹಾಕಿದರೆ 12-3-14 ಅಂದರೆ ಸುಮಾರು 654 ಕೆಜಿ. ಅತಿ ಚಿಕ್ಕ, ಅತಿ ಕೀರಲು ದನಿಯ ಗಂಟೆಗೆ ಟ್ರೆಬಲ್ ಎಂದು ಹೆಸರು, ಅದು 1ನೇ ನಂಬರು. ಅತಿ ದೊಡ್ಡದು ಟೆನರ್. ಪಟ್ಟಿಯಲ್ಲಿ ಗೋಪುರದ ತೂಕ ಅಂತ ಹೇಳುವುದು ಟೆನರಿನ ತೂಕವನ್ನು ಮಾತ್ರ. ಎಲ್ಲ ಗಂಟೆಗಳದ್ದೂ ಸೇರಿಸಿ ಅಂದುಕೊಳ್ಳುವುದು ಹೊಸಬರ ಮೊದಲ ತಪ್ಪು.

ಎರಕದ ವರ್ಷ ನೋಡಿದರೆ ಊರಿನ ಚರಿತ್ರೆ ಅರ್ಧ ತಿಳಿದ ಹಾಗೆ. 1530ಕ್ಕಿಂತ ಹಿಂದಿನದಾದರೆ ಅದು ಇಂಗ್ಲೆಂಡು ರೋಮಿನ ಪೋಪ್ ಜೊತೆ ಸಂಬಂಧ ಕಡಿದುಕೊಳ್ಳುವ ಮೊದಲಿನ ಗಂಟೆ. ಮೈಮೇಲೆ ಸಂತರ ಹೆಸರು, ಲ್ಯಾಟಿನ್ ಪ್ರಾರ್ಥನೆ ಇರುವ ಸಾಧ್ಯತೆ ಹೆಚ್ಚು. ಆಮೇಲಿನ ಗಂಟೆಗಳ ಮೇಲೆ ಸಂತರು ಹೋಗಿ ಚರ್ಚಿನ ಹಣಕಾಸು ನೋಡುವ ವಾರ್ಡನ್‌ಗಳ ಹೆಸರು, ಕೊಟ್ಟ ದಾನಿಗಳ ಹೆಸರು, ಎರಕ ಹೊಯ್ದವನ ಹೆಸರು ಬರತೊಡಗಿದವು. ನಮ್ಮ ಊರ ಗುಡಿಯ ಟ್ಯೂಬ್‌ಲೈಟ್ ಮೇಲೆ ದಾನಿಗಳ ಹೆಸರು ಬರೆಸಿದ ಹಾಗೆ, ಅಲ್ವಾ? ಕೆಲವು ಹಳೆ ಗಂಟೆಗಳಲ್ಲಿ ಅಕ್ಷರ ಉಲ್ಟಾ ಬಿದ್ದಿರುತ್ತದೆ. ಅಚ್ಚಿನಲ್ಲಿ ಒತ್ತುವಾಗ ಆದ ಎಡವಟ್ಟು ಅದು.

ಲ್ಯಾಂಕಾಶೈರಿನ ಕ್ಲಾಟನ್ ಎಂಬ ಪುಟ್ಟ ಹಳ್ಳಿಯ ಚರ್ಚಿನ ಗಂಟೆಯ ಮೇಲೆ 1296 ಅಂತ ಇಸವಿ ಇದೆ. ಇಸವಿ ಕೆತ್ತಿದ ಗಂಟೆಗಳಲ್ಲಿ ಇಂಗ್ಲೆಂಡಿನ ತೀರಾ ಹಳೆಯವುಗಳಲ್ಲಿ ಒಂದು. ಇಸವಿ 1570 ಆದ ಮೇಲಿನದಾಗಿದ್ದರೆ ಲಂಡನ್ನಿನ ವೈಟ್‌ಚಾಪೆಲ್ ಎರಕದ ಮನೆಯ ಹೆಸರು ಸಿಗಬಹುದು. ಬಿಗ್ ಬೆನ್ ಹೊಯ್ದದ್ದು ಅವರೇ, 2017ರಲ್ಲಿ ಬಾಗಿಲು ಹಾಕಿದರು. 19ನೇ ಶತಮಾನದಿಂದೀಚೆ ಲಫ್‌ಬರೋ ಊರಿನ ಟೇಲರ್ ಮನೆತನದ ಗಂಟೆಗಳು ಜಾಸ್ತಿ, ಆ ಕಾರ್ಖಾನೆ ಈಗಲೂ ನಡೆಯುತ್ತಿದೆ. ನಮ್ಮ ದೇಶಕ್ಕೂ ಅವರ ಗಂಟೆ ಬಂದಿದೆ. ಪುಣೆಯ ಪಂಚಹೌದ್ ಚರ್ಚಿನ ಗೋಪುರದಲ್ಲಿರುವ ಎಂಟು ಗಂಟೆ ಅವರದೇ ಎರಕ. ಲೋಹ ಮಾತ್ರ ಎಲ್ಲ ಕಡೆ ಹೆಚ್ಚು ಕಮ್ಮಿ ಒಂದೇ: ತಾಮ್ರ 77 ಪಾಲು, ತವರ 23 ಪಾಲು. ಮನೆಯ ಕಂಚಿನ ಬಟ್ಟಲಿಗೆ ಬೆರಳಲ್ಲಿ ತಟ್ಟಿ ನೋಡಿ, ಜಾತಿ ಒಂದೇ ಅಂತ ಗೊತ್ತಾಗುತ್ತದೆ.

ಇನ್ನೂ ಆಳಕ್ಕೆ ಇಳಿಯುವ ಆಸೆ ಇದ್ದರೆ ಜಿಲ್ಲಾ ದಾಖಲೆ ಕಚೇರಿಗೆ ಹೋಗಿ ಚರ್ಚ್ ವಾರ್ಡನ್‌ಗಳ ಹಳೆ ಲೆಕ್ಕದ ಪುಸ್ತಕ ತೆಗೆಸಿ. ಹಗ್ಗಕ್ಕೆ ಇಷ್ಟು, ನಾಲಿಗೆ ರಿಪೇರಿಗೆ ಇಷ್ಟು, ನವೆಂಬರ್ 5ಕ್ಕೆ ಬಾರಿಸಿದವರಿಗೆ ಇಷ್ಟು ಅಂತ ವರ್ಷ ವರ್ಷ ಬರೆದಿರುತ್ತಾರೆ. 1605ರಲ್ಲಿ ಪಾರ್ಲಿಮೆಂಟಿಗೆ ಮದ್ದು ಇಡಲು ಹೋಗಿ ಸಿಕ್ಕಿಬಿದ್ದರಲ್ಲ, ಆ ದಿನದ ನೆನಪಿಗೆ ಬಾರಿಸುವ ರೂಢಿ. ಬಿಯರಿಗೆ ಇಷ್ಟು ಅನ್ನುವ ಸಾಲೂ ತಪ್ಪದೆ ಇರುತ್ತದೆ. ಒಂದು ಕಾಲದಲ್ಲಿ ಗೋಪುರ ಅಂದರೆ ಊರ ಪಡ್ಡೆ ಹುಡುಗರ ಅಡ್ಡೆ. ಪಾದ್ರಿಗೂ ಅವರಿಗೂ ಎಣ್ಣೆ ಸೀಗೆಕಾಯಿ. ಟೋಪಿ ಹಾಕಿಕೊಂಡು ಬಾರಿಸಿದರೆ ದಂಡ, ಗಂಟೆ ಉರುಳಿಸಿದರೆ ದಂಡ ಅಂತ ಬರೆದ ಹಲಗೆಗಳು ಎಷ್ಟೋ ಗೋಪುರಗಳಲ್ಲಿ ಇನ್ನೂ ನೇತಾಡುತ್ತಿವೆ. 19ನೇ ಶತಮಾನದ ಕೊನೆಯ ಹೊತ್ತಿಗೆ ಪಾದ್ರಿಗಳು ಪಟ್ಟು ಹಿಡಿದು ಬಿಯರ್ ಬ್ಯಾರೆಲ್ ಹೊರಗೆ ಹಾಕಿಸಿದರು. ಹೆಂಗಸರೂ ಆ ಕಾಲಕ್ಕೆ ಬರಲು ಶುರು ಮಾಡಿದರು: 1896ರಲ್ಲಿ ಬೇಸಿಂಗ್‌ಸ್ಟೋಕ್‌ನಲ್ಲಿ ಆಲಿಸ್ ವೈಟ್ ಅನ್ನುವಾಕೆ ಮೂರು ತಾಸಿನ ಪೂರ್ತಿ ಬಾರಿಸಾಟದಲ್ಲಿ ಪಾಲ್ಗೊಂಡ ಮೊದಲ ಹೆಂಗಸು.

2. ಟವರ್ ಕ್ಯಾಪ್ಟನ್‌ಗೆ ಒಂದು ಸಂದೇಶ ಕಳಿಸಿ

ಪ್ರತಿ ಗೋಪುರಕ್ಕೂ ಬಾರಿಸುವವರ ಮುಖ್ಯಸ್ಥ ಒಬ್ಬರು ಇರುತ್ತಾರೆ, ಅವರೇ ಟವರ್ ಕ್ಯಾಪ್ಟನ್. ಚರ್ಚಿನ ಸೂಚನಾ ಫಲಕದಲ್ಲಿ ಹೆಸರು ಇರುತ್ತದೆ. ಸುಮ್ನೆ "ನೋಡಲು ಬರಬಹುದಾ" ಅಂತ ಕೇಳಿ, ಸಾಕು. ಅಭ್ಯಾಸ ವಾರಕ್ಕೊಂದು ಸಂಜೆ, ಒಂದೂವರೆ ತಾಸು. ಕಲಿಸುವುದಕ್ಕೆ ದುಡ್ಡು ತೆಗೆದುಕೊಳ್ಳುವುದಿಲ್ಲ.

ಮಕ್ಕಳನ್ನು ಕಳಿಸುವುದಾದರೆ ಹತ್ತು ಹನ್ನೊಂದು ವರ್ಷ ದಾಟಿರಲಿ, ನಿಮ್ಮ ಒಪ್ಪಿಗೆ ಪತ್ರ ಕೇಳುತ್ತಾರೆ, ಕೊಡಿ. ಕುಳ್ಳಗಿದ್ದರೆ ನಿಲ್ಲಲು ಮರದ ಪೆಟ್ಟಿಗೆ ಕೊಡುತ್ತಾರೆ. ಇದು ದೊಡ್ಡವರಿಗೂ ಅನ್ವಯ, ನಾಚಿಕೆ ಬೇಡ.

ಒಂದು ಎಚ್ಚರಿಕೆ. ಕಲಿಯಲು ಶುರು ಮಾಡಿದರೆ ಮೊದಲ ಎರಡು ತಿಂಗಳು ತಪ್ಪಿಸಬೇಡಿ. ಹಗ್ಗ ಹಿಡಿಯುವುದು ಕೈಗೆ ಕೂರಲು ಹತ್ತರಿಂದ ಹದಿನೈದು ತಾಸು ಬೇಕು. ಅದರ ನಡುವೆ ರಜೆಗೆ ಅಂತ ಊರಿಗೆ ಆರು ವಾರ ಹೋದರೆ, ವಾಪಸ್ ಬಂದು ಮತ್ತೆ ಮೊದಲಿಂದ ಶುರು. ಟಿಕೆಟ್ ಬುಕ್ ಆಗಿದ್ದರೆ ಬಂದ ಮೇಲೇ ಸೇರಿ.

3. ಮೊದಲ ಸಲ ಒಳಗೆ ಹೋದಾಗ

ಕೈಗೆ ಸಿಕ್ಕಿದ್ದನ್ನು ಮುಟ್ಟಬೇಡಿ. ಇದನ್ನು ದಪ್ಪ ಅಕ್ಷರದಲ್ಲಿ ಬರೆಯಬೇಕಿತ್ತು. ಹಗ್ಗ ಸುಮ್ಮನೆ ನೇತಾಡುತ್ತಿದೆ ಅನ್ನಿಸುತ್ತದೆ, ಆದರೆ ಮೇಲೆ ಗಂಟೆ ಬಾಯಿ ಮೇಲಾಗಿ ನಿಂತಿದ್ದರೆ, ನೀವು ಸ್ವಲ್ಪ ಎಳೆದರೂ ಅರ್ಧ ಟನ್ ಉರುಳಲು ಶುರುವಾಗುತ್ತದೆ, ಅದರ ಜೊತೆ ಹಗ್ಗ, ಹಗ್ಗದ ಜೊತೆ ನೀವು. ಗಂಟೆಗಳಿರುವ ಮೇಲಿನ ಕೋಣೆಗೆ ಕ್ಯಾಪ್ಟನ್ ಇಲ್ಲದೆ ಯಾವತ್ತೂ ಹೋಗಬೇಡಿ. "ಬೆಲ್ಸ್ ಅಪ್" (ಗಂಟೆಗಳು ಬಾಯಿ ಮೇಲಾಗಿ ನಿಂತಿವೆ) ಅಂತ ಫಲಕ ಹಾಕಿದ್ದರೆ ಕ್ಯಾಪ್ಟನ್ ಕರೆದರೂ ಬೇಡ ಅನ್ನಿ.

ಬಟ್ಟೆ ವಿಷಯ. ದುಪಟ್ಟಾ, ಸೆರಗು, ಮಫ್ಲರ್ ತೆಗೆದಿಡಿ. ಆಫೀಸಿನಿಂದ ನೇರ ಬರುವವರು ಕೊರಳಿನ ಐಡಿ ಕಾರ್ಡಿನ ಟ್ಯಾಗ್ ಬಿಚ್ಚಿ. ಉದ್ದ ಜಡೆ ಇದ್ದರೆ ಮೇಲೆ ಕಟ್ಟಿ. ಹಗ್ಗ ಬೀಸುವ ವೇಗಕ್ಕೆ ಇವೆಲ್ಲ ಸಿಕ್ಕಿಕೊಳ್ಳುವ ಸಾಮಾನು. ಬೆಂಚಿನ ಮೇಲೆ ಕೂತು ನೋಡುವಾಗ ಕಾಲು ಚಾಚಬೇಡಿ, ಕಾಲ ಮೇಲೆ ಕಾಲೂ ಬೇಡ, ಪಾದ ಎರಡೂ ನೆಲಕ್ಕಿರಲಿ. ಬಾರಿಸುವಾಗ ಮಾತು ಬೇಡ.

ಆ ದಿನ ನೋಡಬೇಕಾದ್ದು ಮೂರು ಭಾಗ. ಹಗ್ಗದ ಮಧ್ಯೆ ಉಣ್ಣೆಯ ದಪ್ಪ ಕುಚ್ಚಿನಂಥ ಭಾಗ ಇರುತ್ತದೆ, ಕೆಂಪು ಬಿಳಿ ನೀಲಿ ಬಣ್ಣದ್ದು, ಅದು ಸ್ಯಾಲಿ. ಹಗ್ಗದ ಕೊನೆ ಮಡಚಿ ಕಟ್ಟಿದ ತುದಿ, ಅದನ್ನು ನಾವು ಬಾಲ ಅನ್ನೋಣ. ಮೇಲೆ ಗಂಟೆಯ ಪಕ್ಕದಲ್ಲಿ ನಿಲ್ಲಿಸಿದ ಒಂದು ಮರದ ಕಡ್ಡಿ ಇದೆ, ಅದಕ್ಕೆ ಸ್ಟೇ ಅನ್ನುತ್ತಾರೆ. ಗಂಟೆ ತುತ್ತತುದಿ ದಾಟಿ ಆ ಕಡೆ ಬೀಳದ ಹಾಗೆ ತಡೆಯುವುದು ಅದೇ. ಜೋರಾಗಿ ಎಳೆದರೆ ಅದು ಮುರಿಯುತ್ತದೆ. ಬೇರೆ ಏನೂ ಮುರಿಯಬಾರದು ಅಂತಲೇ ಅದನ್ನು ಮರದಲ್ಲಿ ಮಾಡಿರುತ್ತಾರೆ. ನಾನೂ ಒಂದು ಮುರಿದಿದ್ದೇನೆ, ತುಂಡು ಮನೆಯಲ್ಲಿದೆ.

4. ಹಗ್ಗ: ಬಾವಿಯ ಅಭ್ಯಾಸ ಮರೆಯಿರಿ

ಇದೇ ದೊಡ್ಡ ಹಂತ, ನಿಧಾನವಾಗಿ ಓದಿ.

ಒಂದು ಸುತ್ತು ಹೋಗಿ ಒಂದು ಸುತ್ತು ಬರುವುದರಲ್ಲಿ ಎರಡು ಎಳೆತ ಇದೆ. ಮೊದಲನೆಯದು ಹ್ಯಾಂಡ್‌ಸ್ಟ್ರೋಕ್. ಎರಡೂ ಕೈಯಲ್ಲಿ ಸ್ಯಾಲಿ ಹಿಡಿದು ಕೆಳಗೆ ಎಳೆಯುತ್ತೀರಿ, ಸೊಂಟದ ಹತ್ತಿರ ಬರುತ್ತಿದ್ದಂತೆ ಸ್ಯಾಲಿ ಬಿಡುತ್ತೀರಿ. ಬಾಲ ಮಾತ್ರ ಕೈಯಲ್ಲೇ ಇರುತ್ತದೆ. ಗಂಟೆ ಸುತ್ತುತ್ತದೆ, ಹಗ್ಗ ಗಾಲಿಗೆ ಸುತ್ತಿಕೊಳ್ಳುತ್ತದೆ, ಸ್ಯಾಲಿ ಛಾವಣಿ ಕಡೆ ಹಾರುತ್ತದೆ, ಬಾಲ ಹಿಡಿದ ನಿಮ್ಮ ಕೈಗಳು ತಲೆ ಮೇಲಕ್ಕೆ ಹೋಗುತ್ತವೆ. ಆಗ ಎರಡನೆಯ ಎಳೆತ, ಬ್ಯಾಕ್‌ಸ್ಟ್ರೋಕ್. ಬಾಲವನ್ನು ಕೆಳಗಿನ ತನಕ ಉದ್ದಕ್ಕೆ ಎಳೆಯುತ್ತೀರಿ, ಗಂಟೆ ವಾಪಸ್ ಸುತ್ತುತ್ತದೆ, ಸ್ಯಾಲಿ ಕೆಳಗೆ ಬರುತ್ತದೆ, ಅದು ಮೇಲೇಳಲು ಶುರುವಾದಾಗ ಹಿಡಿಯುತ್ತೀರಿ. ಮತ್ತೆ ಮೊದಲಿಂದ.

ಕಲಿಸುವವರು ಇದನ್ನು ಒಡೆದು ಕಲಿಸುತ್ತಾರೆ. ಮೊದಲು ನಿಮಗೆ ಬಾಲ ಮಾತ್ರ, ಸ್ಯಾಲಿ ಅವರ ಕೈಯಲ್ಲಿ. ಆಮೇಲೆ ಅದಲು ಬದಲು. ಎರಡೂ ಬಂದ ಮೇಲೆ ಜೋಡಿಸುವುದು. ಈ ಹೊತ್ತಿನಲ್ಲಿ ಗಂಟೆಯ ನಾಲಿಗೆ ಕಟ್ಟಿರುತ್ತಾರೆ, ಊರವರ ಕಿವಿ ಉಳಿಯಬೇಕಲ್ಲ. ಕೆಲವು ಗೋಪುರಗಳಲ್ಲಿ ಗಂಟೆಗೆ ಸೆನ್ಸರ್ ಹಾಕಿ ಕಂಪ್ಯೂಟರಿನಲ್ಲಿ ಸದ್ದು ಕೇಳಿಸುವ ಏರ್ಪಾಡೂ ಇದೆ.

ನಮ್ಮವರು ಮಾಡುವ ತಪ್ಪು ಯಾವಾಗಲೂ ಒಂದೇ: ಬಲ ಹಾಕುವುದು. ಬಾವಿಯಿಂದ ಕೊಡ ಸೇದಿದ ಕೈಗಳಿಗೆ ಹಗ್ಗ ಅಂದರೆ ಎಳೆಯಬೇಕು ಅಂತಲೇ ಗೊತ್ತು. ಇಲ್ಲಿ ಹಾಗಲ್ಲ. ಪಂಚಮಿ ಜೋಕಾಲಿ ನೆನಪು ಮಾಡಿಕೊಳ್ಳಿ. ಜೋಕಾಲಿ ತುದಿ ಮುಟ್ಟಿ ತಿರುಗುವ ಹೊತ್ತಿಗೆ ಸರಿಯಾಗಿ ಒಂದು ಬೆರಳು ತಾಗಿಸಿದರೂ ಸಾಕು, ಹೊತ್ತು ತಪ್ಪಿ ನೂಕಿದರೆ ಹತ್ತು ಜನ ಸೇರಿದರೂ ಸಾಲದು. ಗಂಟೆಯೂ ಹಾಗೇ. ಐವತ್ತು ಕೆಜಿ ತೂಕದ ಹುಡುಗಿ ಆರುನೂರು ಕೆಜಿಯ ಟೆನರನ್ನು ಆರಾಮಾಗಿ ಬಾರಿಸುವುದನ್ನು ನೋಡಿದರೆ ನಂಬಿಕೆ ಬರುತ್ತದೆ. ಜಿಮ್‌ಗೆ ಹೋಗುವ ಗಂಡಸರು ನಿಧಾನಕ್ಕೆ ಕಲಿಯುತ್ತಾರೆ, ಇದು ನಾನು ಕಣ್ಣಾರೆ ಕಂಡದ್ದು.

ಪೆಟ್ಟಾಗದೆ ಇರಲು ಐದು ಮಾತು:

ಸ್ಯಾಲಿ ಬಿಡಬೇಕಾದಾಗ ಬಿಟ್ಟೇ ಬಿಡಿ. ಹಿಡಿದುಕೊಂಡರೆ ಅದು ನಿಮ್ಮನ್ನೂ ಮೇಲೆ ಒಯ್ಯುತ್ತದೆ.

ಬಾಲವನ್ನು ಯಾವತ್ತೂ ಬಿಡಬೇಡಿ. ಬಿಟ್ಟರೆ ಹಗ್ಗ ಕೋಣೆಯೆಲ್ಲಾ ಚಾಟಿಯ ಹಾಗೆ ಬೀಸುತ್ತದೆ.

ಮೇಲಿನ ಎರಡಕ್ಕೂ ಅಪವಾದ: ಮೇಲೆ ಏನೋ ಮುರಿದ ಸದ್ದು ಬಂದರೆ ಅಥವಾ ಕಲಿಸುವವರು "ಬಿಡಿ" ಅಂದರೆ, ಎಲ್ಲವನ್ನೂ ಬಿಟ್ಟು ಗೋಡೆಗೆ ಸರಿಯಿರಿ. ಮರ್ಯಾದೆ ಪ್ರಶ್ನೆ ಇಲ್ಲ.

ಮೇಲೆ ನೋಡಬೇಡಿ. ಸ್ಯಾಲಿ ಎಲ್ಲಿ ಹೋಯಿತು ಅಂತ ಎಲ್ಲರಿಗೂ ಕುತೂಹಲ. ಕತ್ತು ಎತ್ತಿದರೆ ಮೈ ವಾಲುತ್ತದೆ, ಕೈ ತಪ್ಪುತ್ತದೆ. ಮುಂದೆ ನೋಡಿ, ಅದು ವಾಪಸ್ ಅಲ್ಲಿಗೇ ಬರುತ್ತದೆ.

ಬೊಬ್ಬೆ ಬಂದರೆ ಹಗ್ಗವನ್ನು ಜಾರಿಸಿಕೊಳ್ಳುತ್ತಿದ್ದೀರಿ ಅಂತ ಅರ್ಥ, ಹಿಡಿತ ನೋಡಿಸಿಕೊಳ್ಳಿ.

5. ಸಾಲಿನಲ್ಲಿ ಕೂರಿಸುವುದು: ರೌಂಡ್ಸ್

ಕೈ ಪಳಗಿದ ಮೇಲೆ ಬೇರೆಯವರ ಜೊತೆ. ಗಂಟೆಗಳು ಚಿಕ್ಕದರಿಂದ ದೊಡ್ಡದಕ್ಕೆ ಒಂದಾದ ಮೇಲೆ ಒಂದು ಇಳಿಯುವುದಕ್ಕೆ ರೌಂಡ್ಸ್ ಅನ್ನುತ್ತಾರೆ: 123456. ಶುರು ಮಾಡುವಾಗ ಟ್ರೆಬಲ್ ಹಿಡಿದವರು "ಲುಕ್ ಟು" ಅನ್ನುತ್ತಾರೆ, ಹಗ್ಗ ಹಿಡಿದು ಸಿದ್ಧರಾಗಿ ಅಂತ. ಆಮೇಲೆ "ಟ್ರೆಬಲ್ಸ್ ಗೋಯಿಂಗ್", ಎಳೆಯುತ್ತಿದ್ದ ಹಾಗೆ "ಶೀಸ್ ಗಾನ್". ಗಂಟೆ ಇವರಿಗೆ ಯಾವತ್ತೂ "ಅವಳು". ನಿಲ್ಲಿಸಲು "ಸ್ಟ್ಯಾಂಡ್".

ಇಲ್ಲಿ ಒಂದು ಸೂಕ್ಷ್ಮ ಇದೆ, ಯಾರೂ ಮೊದಲೇ ಹೇಳಿಕೊಡುವುದಿಲ್ಲ. ಪ್ರತಿ ಎರಡು ಸಾಲಿಗೊಮ್ಮೆ, ಹ್ಯಾಂಡ್‌ಸ್ಟ್ರೋಕ್ ಶುರುವಾಗುವ ಮುಂಚೆ, ಒಂದು ಗಂಟೆಯಷ್ಟು ಜಾಗ ಖಾಲಿ ಬಿಡುತ್ತಾರೆ. 123456123456, ತಡೆ, 123456123456, ತಡೆ. ಈ ಉಸಿರನ್ನು ಕಿವಿ ಹಿಡಿಯಿತೋ, ನಿಮ್ಮ ಬಾರಿಸಾಟ ಅರ್ಧ ಸರಿಹೋಯಿತು. ಹಿಡಿಯದಿದ್ದರೆ ಹ್ಯಾಂಡ್‌ಸ್ಟ್ರೋಕಿನಲ್ಲಿ ನೀವು ಯಾವಾಗಲೂ ಬೇಗ. ಮನೆಯಲ್ಲಿ ತೊಡೆ ತಟ್ಟಿ ಅಭ್ಯಾಸ ಮಾಡಿ, ತಾಳ ಹಾಕಿ ಬೆಳೆದವರಿಗೆ ಇದು ಕಷ್ಟವೇ ಅಲ್ಲ.

ಕಣ್ಣಿನ ಕೆಲಸವೂ ಇದೆ. ಯಾರ ಹಗ್ಗ ನಿಮಗಿಂತ ಮುಂಚೆ ಇಳಿಯುತ್ತಿದೆ ಅಂತ ಕಣ್ಣಂಚಿನಲ್ಲಿ ಗುರುತಿಸುವುದಕ್ಕೆ ರೋಪ್‌ಸೈಟ್ ಅಂತ ಹೆಸರು. ಇದು ಹೇಳಿಕೊಟ್ಟು ಬರುವುದಲ್ಲ. ಒಂದು ದಿನ ಇದ್ದಕ್ಕಿದ್ದ ಹಾಗೆ ಕಾಣಲು ಶುರುವಾಗುತ್ತದೆ, ಸೈಕಲ್ ಬಂದ ಹಾಗೆ.

6. ಸರದಿ ಬದಲಾವಣೆ

ಮೊದಲು ಸುಲಭದ್ದು, ಕಾಲ್ ಚೇಂಜಸ್. ಒಬ್ಬರು ಕೂಗಿ ಹೇಳುತ್ತಾರೆ, ಉಳಿದವರು ಬದಲಾಗುತ್ತಾರೆ. 123456 ನಡೆಯುತ್ತಿರುವಾಗ "ಟೂ ಟು ಥ್ರೀ" ಅಂದರೆ 2ನೆಯದು ಇನ್ನು 3ರ ಹಿಂದೆ. ಸರದಿ 132456 ಆಯಿತು. ಗಮನಿಸಿ, ಹೆಸರು ಕರೆದದ್ದು ಇಬ್ಬರನ್ನು, ಆದರೆ ಬದಲಾಗಬೇಕಾದದ್ದು ಮೂವರು. 4 ಹಿಡಿದವರು ಇಲ್ಲಿಯವರೆಗೆ 3ನ್ನು ನೋಡುತ್ತಿದ್ದರು, ಈಗ 2ನ್ನು ನೋಡಬೇಕು. ಹೊಸಬರು ಎಡವುವುದು ಇಲ್ಲೇ, "ನನ್ನನ್ನು ಕರೆಯಲಿಲ್ಲವಲ್ಲ" ಅಂತ ನಿಶ್ಚಿಂತೆಯಾಗಿರುತ್ತಾರೆ. ಇನ್ನೊಂದು: ಕೆಲವು ಗೋಪುರಗಳಲ್ಲಿ ಕೂಗುವ ಕ್ರಮ ಉಲ್ಟಾ. ಹೊಸ ಜಾಗಕ್ಕೆ ಹೋದರೆ "ಮೇಲಕ್ಕೆ ಕೂಗುತ್ತೀರೋ ಕೆಳಕ್ಕೋ" ಅಂತ ಮೊದಲೇ ಕೇಳಿ.

ಆಮೇಲೆ ಪ್ಲೇನ್ ಹಂಟ್. ಇಲ್ಲಿ ಯಾರೂ ಕೂಗುವುದಿಲ್ಲ, ಪ್ರತಿ ಸಾಲಿಗೂ ಸರದಿ ತಾನಾಗಿ ಬದಲಾಗುತ್ತದೆ. ನಾಲ್ಕು ಗಂಟೆಗೆ ಹೀಗೆ:

1234
2143
2413
4231
4321
3412
3142
1324
1234

ಕಾಗದ ತೆಗೆದುಕೊಂಡು ಇದನ್ನು ಬರೆಯಿರಿ, ಎಲ್ಲ 1ಗಳನ್ನೂ ಒಂದು ಗೆರೆಯಿಂದ ಸೇರಿಸಿ. ಆಮೇಲೆ ಎಲ್ಲ 2ಗಳನ್ನು ಬೇರೆ ಬಣ್ಣದಲ್ಲಿ. ಜಡೆ ಹೆಣೆದ ಹಾಗೆ ಬರುತ್ತದೆ. ಜಡೆಕೋಲಾಟ ಆಡಿದ್ದರೆ ನಿಮಗೆ ಬೇರೆ ವಿವರಣೆ ಬೇಡ: ಒಬ್ಬರ ಹೊರಗೆ, ಇನ್ನೊಬ್ಬರ ಒಳಗೆ, ಕೊನೆ ಮುಟ್ಟಿ ಅಲ್ಲಿ ಎರಡು ಹೆಜ್ಜೆ ನಿಂತು ವಾಪಸ್. ಇಲ್ಲಿಯೂ ಅಷ್ಟೇ, ಮುಂದೆ ಎರಡು ಏಟು, ಹಿಂದೆ ಎರಡು ಏಟು. ಅಂಕಿಗಳನ್ನು ಬಾಯಿಪಾಠ ಮಾಡಲು ಹೋಗಬೇಡಿ, ಇದು ಎರಡನೆಯ ದೊಡ್ಡ ತಪ್ಪು. ಬಾಯಿಪಾಠ ಮಾಡಬೇಕಾದ್ದು ನಿಮ್ಮ ಗೆರೆಯನ್ನು, ಅಂದರೆ "ಒಂದನೇ ಜಾಗ, ಎರಡನೇ ಜಾಗ, ಮೂರನೇ ಜಾಗ" ಅಂತ. ಹಿಂದಿನ ಜಾಗಗಳಿಗೆ ಸರಿಯುವಾಗ ಗಂಟೆಯನ್ನು ಮೇಲೆ ಒಂದು ಚೂರು ಹೆಚ್ಚು ಹೊತ್ತು ತಡೆಯಬೇಕು, ಮುಂದಕ್ಕೆ ಬರುವಾಗ ಪೂರ್ತಿ ಮೇಲೇರುವ ಮುಂಚೆಯೇ ತಿರುಗಿಸಬೇಕು.

ಈ ಆಟ ಎಷ್ಟು ದೂರ ಹೋಗುತ್ತದೆ ನೋಡಿ. ಮೂರು ಗಂಟೆಗೆ 6 ಸರದಿ, ನಾಲ್ಕಕ್ಕೆ 24, ಐದಕ್ಕೆ 120, ಆರಕ್ಕೆ 720, ಏಳಕ್ಕೆ 5,040, ಎಂಟಕ್ಕೆ 40,320. ಒಂದೂ ಮರುಕಳಿಸಬಾರದು ಅನ್ನುವುದು ನಿಯಮ. 17ನೇ ಶತಮಾನದಲ್ಲಿ ಗಂಟೆಗಳಿಗೆ ಪೂರ್ತಿ ಗಾಲಿ ಬಂದ ಮೇಲೆ ಈ ಹುಚ್ಚು ಹತ್ತಿತು, 1668ರ ಹೊತ್ತಿಗೆ ಇದರ ಮೇಲೆ ಪುಸ್ತಕವೇ ಅಚ್ಚಾಯಿತು. 1715ರ ಮೇ 2ರಂದು ನಾರ್ವಿಚ್‌ನ ಸೇಂಟ್ ಪೀಟರ್ ಮ್ಯಾಂಕ್ರಾಫ್ಟ್ ಚರ್ಚಿನಲ್ಲಿ 5,040 ಸರದಿಯನ್ನೂ ತಪ್ಪಿಲ್ಲದೆ ಬಾರಿಸಿದರು. 5,000 ದಾಟಿದ ಇಂಥ ಬಾರಿಸಾಟಕ್ಕೆ ಪೀಲ್ ಅನ್ನುತ್ತಾರೆ, ಮೂರು ತಾಸು ಬೇಕು, ನಡುವೆ ನೀರು ಕುಡಿಯುವ ಹಾಗಿಲ್ಲ. 1963ರ ಜುಲೈನಲ್ಲಿ ಲಫ್‌ಬರೋದಲ್ಲಿ ಎಂಟು ಮಂದಿ 40,320ನ್ನೂ ಮುಗಿಸಿದರು, 17 ತಾಸು 58 ನಿಮಿಷ, ಆಳು ಬದಲಾಗದೆ. ಹನ್ನೆರಡು ಗಂಟೆಗೆ ಎಲ್ಲ ಸರದಿ ಮುಗಿಸಲು ಮೂವತ್ತು ವರ್ಷಕ್ಕೂ ಜಾಸ್ತಿ ಬೇಕು, ಅದನ್ನು ಯಾರೂ ಕೈಗೆತ್ತಿಕೊಂಡಿಲ್ಲ.

ನಿಮಗೆ ಇವು ಯಾವುವೂ ಬೇಡ. 1,250ರ ಆಸುಪಾಸಿನ ಕ್ವಾರ್ಟರ್ ಪೀಲ್ ಮುಕ್ಕಾಲು ತಾಸಿನ ಕೆಲಸ. ಎರಡನೇ ವರ್ಷದ ಹೊತ್ತಿಗೆ ನಿಮ್ಮನ್ನು ಕರೆಯುತ್ತಾರೆ, ಟ್ರೆಬಲ್ ಹಿಡಿಯಿರಿ ಅಂತ. ಒಪ್ಪಿಕೊಳ್ಳಿ, ಅದಕ್ಕೆ ಮುಂಚೆ ಶೌಚಾಲಯಕ್ಕೆ ಹೋಗಿ ಬನ್ನಿ.

7. ಯಾವಾಗ, ಯಾಕೆ ಬಾರಿಸುತ್ತೀರಿ

ಭಾನುವಾರದ್ದು ಕರ್ತವ್ಯ. ಕಲಿಸಿದ್ದಕ್ಕೆ ಅವರು ನಿರೀಕ್ಷಿಸುವುದು ಅದೊಂದನ್ನೇ, ತಪ್ಪಿಸಬೇಡಿ. ಮದುವೆಗೆ ಬಾರಿಸಿದರೆ ಮದುವೆ ಮನೆಯವರು ಕೈಗೆ ಸ್ವಲ್ಪ ದುಡ್ಡು ಕೊಡುತ್ತಾರೆ.

ಸಾವಿನ, ಸ್ಮರಣೆಯ ದಿನಗಳಲ್ಲಿ ನಾಲಿಗೆಯ ಒಂದು ಮಗ್ಗುಲಿಗೆ ತೊಗಲಿನ ದಿಂಬು ಕಟ್ಟುತ್ತಾರೆ. ಒಂದು ಏಟು ಗಟ್ಟಿ, ಮುಂದಿನದು ಅದರ ಮಾರ್ದನಿಯ ಹಾಗೆ ಮಂಕು. ನವೆಂಬರಿನ ಯುದ್ಧ ಸ್ಮರಣೆಯ ಭಾನುವಾರ ಎಲ್ಲ ಊರಲ್ಲೂ ಹೀಗೇ. ಎರಡೂ ಮಗ್ಗುಲಿಗೆ ಕಟ್ಟುವುದು ತೀರಾ ಅಪರೂಪ. 2022ರ ಸೆಪ್ಟೆಂಬರಿನಲ್ಲಿ ರಾಣಿ ತೀರಿಕೊಂಡಾಗ ಹಾಗೆ ಕಟ್ಟಿದರು. ಆಗ ಎಷ್ಟೋ ಗೋಪುರಗಳಲ್ಲಿ ಅಷ್ಟು ದಿಂಬೇ ಇರಲಿಲ್ಲ.

ಊರಿನ ಹಿರಿಯರ ಹತ್ತಿರ ಕೂತರೆ ಯುದ್ಧದ ಮಾತು ಬರುತ್ತದೆ. 1940ರ ಜೂನ್‌ನಿಂದ ಇಡೀ ದೇಶದಲ್ಲಿ ಚರ್ಚಿನ ಗಂಟೆ ಬಾರಿಸುವುದು ನಿಷೇಧವಾಗಿತ್ತು, ಶತ್ರುಸೇನೆ ಇಳಿದರೆ ಮಾತ್ರ ಬಾರಿಸಬೇಕು ಅಂತ. 1942ರ ನವೆಂಬರ್ 15ರಂದು, ಎಲ್ ಅಲಮೇನ್ ಗೆಲುವಿಗೆ, ಎರಡು ವರ್ಷದ ಮೌನ ಮುರಿದರು. ಅದಕ್ಕೂ ಹಿಂದಿನ ಮಹಾಯುದ್ಧದಲ್ಲಿ ಸತ್ತ ಗಂಟೆ ಬಾರಿಸುವವರು 1,400 ಅಂತ ಲೆಕ್ಕ ಹಿಡಿದು, 2018ರಲ್ಲಿ ಅಷ್ಟೇ ಹೊಸಬರನ್ನು ಕಲಿಸುವ ಅಭಿಯಾನ ಮಾಡಿದರು. ನಿಮ್ಮ ಗೋಪುರದಲ್ಲೂ ಆ ವರ್ಷ ಸೇರಿದವರು ಇರಬಹುದು, ಕೇಳಿ ನೋಡಿ.

8. ಬೇರೆ ಊರಿಗೆ ಹೋಗಿ

ಒಂದು ಗೋಪುರದಲ್ಲಿ ಕಲಿತರೆ ಯಾವ ಗೋಪುರಕ್ಕೂ ಹೋಗಬಹುದು. ಐದು ಅಥವಾ ಅದಕ್ಕಿಂತ ಹೆಚ್ಚು ಗಂಟೆ ಇರುವ ಚರ್ಚುಗಳು ಇಂಗ್ಲೆಂಡಿನಲ್ಲಿ ಐದು ಸಾವಿರಕ್ಕೂ ಮೇಲಿವೆ. ಅಭ್ಯಾಸದ ಸಂಜೆ ಹೋಗಿ "ನಾನು ರೌಂಡ್ಸ್ ಬಾರಿಸಬಲ್ಲೆ" ಅಂದರೆ ಹಗ್ಗ ಕೊಡುತ್ತಾರೆ. ಬರುವುದಿಲ್ಲದ್ದನ್ನು ಬರುತ್ತದೆ ಅನ್ನಬೇಡಿ, ಎರಡು ನಿಮಿಷದಲ್ಲಿ ಊರಿಗೇ ಗೊತ್ತಾಗುತ್ತದೆ. ಹಗ್ಗದ ಉದ್ದ, ಗಂಟೆಯ ತೂಕ ಪ್ರತಿ ಕಡೆ ಬೇರೆ, ಹಿಡಿಯುವ ಮೊದಲು ಎರಡನ್ನೂ ಕೇಳಿ.

ಸಫೋಕ್ ಕಡೆ ಹೋದರೆ ಈಸ್ಟ್ ಬರ್ಗೋಲ್ಟ್ ತಪ್ಪಿಸಬೇಡಿ, ಚಿತ್ರಕಾರ ಕಾನ್‌ಸ್ಟೆಬಲ್ ಹುಟ್ಟಿದ ಊರು. ಅಲ್ಲಿ ಚರ್ಚಿನ ಗೋಪುರ ಅರ್ಧಕ್ಕೇ ನಿಂತಿದೆ. ದುಡ್ಡು ಕೊಡುತ್ತಿದ್ದ ಕಾರ್ಡಿನಲ್ ವೂಲ್ಸಿ ಅಧಿಕಾರ ಕಳೆದುಕೊಂಡ, ಕೆಲಸ ನಿಂತಿತು ಅಂತ ಊರವರು ಹೇಳುತ್ತಾರೆ. 1531ರಲ್ಲಿ ತಾತ್ಕಾಲಿಕ ಅಂತ ಅಂಗಳದಲ್ಲಿ ಮರದ ಪಂಜರ ಕಟ್ಟಿ ಗಂಟೆ ಇಟ್ಟರು, ಇವತ್ತಿಗೂ ಅಲ್ಲೇ ಇವೆ. ಐದು ಭಾರಿ ಗಂಟೆ, ಹಗ್ಗ ಇಲ್ಲ, ಗಾಲಿ ಇಲ್ಲ, ಪಕ್ಕದಲ್ಲೇ ನಿಂತು ಕೈಯಿಂದ ತಳ್ಳಿ ಸುತ್ತಿಸುತ್ತಾರೆ. ಅಲ್ಲಿ ಮಾತ್ರ ನೋಡಿ ಬನ್ನಿ, ಪ್ರಯೋಗ ಬೇಡ.

ಊರಿಂದ ಬಂದ ಅಪ್ಪ ಅಮ್ಮನನ್ನು ಗೋಪುರಕ್ಕೆ ಕರೆದುಕೊಂಡು ಹೋಗುವ ಆಸೆ ಎಲ್ಲರಿಗೂ ಇರುತ್ತದೆ. ಬಾರಿಸುವ ಕೋಣೆ ನೆಲಮಟ್ಟದಲ್ಲಿದೆಯೋ ಮೇಲಿದೆಯೋ ಮೊದಲು ವಿಚಾರಿಸಿ. ಮೇಲಿದ್ದರೆ ಸುರುಳಿ ಮೆಟ್ಟಿಲು, ಒಂದೊಂದೂ ಗೇಣಗಲ, ಹಿಡಿಯಲು ಒಂದು ಹಗ್ಗ ಬಿಟ್ಟರೆ ಬೇರೇನೂ ಇಲ್ಲ. ಮಂಡಿ ನೋವಿದ್ದವರನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿ, ಫ್ಲಾಸ್ಕಲ್ಲಿ ಕಾಫಿ ಕೊಟ್ಟು, ನೀವು ಯಾವ ನಂಬರಿನ ಗಂಟೆ ಅಂತ ಹೇಳಿ ಹೋಗಿ. ಅಮ್ಮ ಎಣಿಸುತ್ತಾ ಕೂರುತ್ತಾರೆ, ತಪ್ಪಿದರೆ ಇಳಿದು ಬಂದ ಮೇಲೆ ಹೇಳಿಯೇ ಹೇಳುತ್ತಾರೆ.